2131 ಯಾರದೆಂದು ಲಿಗೋರಿ ಹುಡುಕಿದ್ದು

ಲಿಗೋರಿ ಮಿರಾಂದಾ ಅವರ ಮೇಲೆ ನಾನು ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಆಫೀಸಿಗೆ ಎರಡು ಸಾರಿ ದೂರು ಕೊಟ್ಟಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಶುರುವಿನಿಂದಲೂ ಅವರನ್ನು ಮೆಚ್ಚಿಕೊಂಡವಳು ಎಂದು ನೀವು ತಿಳಿದುಕೊಳ್ಳುತ್ತೀರಿ. ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಮನೆ ಎಂಟನೇ ಮಹಡಿಯಲ್ಲಿ, ಅವರದು ಸರಿಯಾಗಿ ನಮ್ಮ ತಲೆಯ ಮೇಲೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕೋಲಿಗೆ, ಅವರ ಹೆಂಡತಿ ಐವಿ ಆಂಟಿಯ ನೈಟಿಗಳ ಪಕ್ಕದಲ್ಲಿ, ಅವರೊಂದು ಆಂಟೆನಾ ಕಟ್ಟಿದ್ದರು. ಮಧ್ಯಾಹ್ನವೆಲ್ಲ ಅಲ್ಲಿಂದ ಕರ್ರ್ ಎಂಬ ಸದ್ದು, ನಡುವೆ ಯಾರೋ ಮಲಯ್ ಭಾಷೆಯಲ್ಲಿ ಎರಡು ಮಾತು, ಮತ್ತೆ ಕರ್ರ್. ಲಾಕ್‌ಡೌನ್ ಆಗಿ ಮನೆಯೇ ಆಫೀಸಾಗಿದ್ದ ಕಾಲ. ನನ್ನ ಮೀಟಿಂಗ್ ನಡೆಯುವಾಗಲೇ ಆ ಸದ್ದು ತಲೆ ತಿನ್ನುತ್ತಿತ್ತು.

ಎರಡನೇ ದೂರಿನ ಮರುದಿನ ಗಂಡ ಹೆಂಡತಿ ಇಬ್ಬರೂ ಮಾಸ್ಕ್ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. ಅದು ಎರಡು ಸಾವಿರದ ಇಪ್ಪತ್ತರ ಡಿಸೆಂಬರ್. ಐವಿ ಆಂಟಿಯ ಕೈಯಲ್ಲಿ ಕ್ರಿಸ್‌ಮಸ್ ತಿಂಡಿಯ ಡಬ್ಬ. ಲಿಗೋರಿ ಅಂಕಲ್ ನೆಲ ನೋಡುತ್ತ, "ಸೌಂಡ್ ಕಡಿಮೆ ಮಾಡ್ತೇನೆ ಆಯ್ತಾ, ಬೇಸರ ಮಾಡ್ಕೊಳ್ಬೇಡಿ" ಎಂದರು. ಡಬ್ಬ ಹಿಡಿದು ಬಂದವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ನನ್ನಿಂದಾಗದ ಕೆಲಸ. ಅದೇನು ಸದ್ದು ಎಂದು ಕೇಳಿದೆ. ಆ ಮನುಷ್ಯನ ಮುಖ ಬೆಳಗಿದ್ದು ಮಾಸ್ಕಿನ ಮೇಲಿನಿಂದಲೂ ಕಾಣುತ್ತಿತ್ತು.

ಅವರು ಮಂಗಳೂರಿನ ಕುಲಶೇಖರದವರು. ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ರೇಡಿಯೋ ರಿಪೇರಿ ಕಲಿತು, ತೊಂಬತ್ತಮೂರರಲ್ಲಿ ಇಲ್ಲಿಗೆ ಬಂದು, ಕ್ಲಾಂಗ್ ಬಂದರಿನಲ್ಲಿ ಕ್ರೇನ್ ಓಡಿಸುವವರ ವಾಕಿಟಾಕಿಗಳನ್ನು ಇಪ್ಪತ್ತೇಳು ವರ್ಷ ಸರಿಮಾಡಿದವರು. ನಿವೃತ್ತಿಯ ದಿನ ಕೇಕ್ ಕತ್ತರಿಸುವುದೆಂದು ನಿಶ್ಚಯವಾಗಿತ್ತು. ಅದೇ ವಾರ ದೇಶ ಬಾಗಿಲು ಹಾಕಿತು, ಕೇಕ್ ಬೇಕರಿಯಲ್ಲೇ ಉಳಿಯಿತು. ಆಮೇಲೆ ಐವಿ ಆಂಟಿಯ ಕೆಲಸದ ಪಾಸಿನ, ಅಂದರೆ ವೀಸಾದ ಮೇಲೆ ಇಲ್ಲಿ ಉಳಿದರು. ಆಂಟಿ ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಸೆಕ್ರೆಟರಿ. ಇಷ್ಟನ್ನೆಲ್ಲ ನನಗೆ ಹೇಳಿದ್ದೂ ಆಂಟಿಯೇ. ಅಷ್ಟು ವರ್ಷ ಬೇರೆಯವರು ಮಾತಾಡುವ ಯಂತ್ರ ರಿಪೇರಿ ಮಾಡಿದ ಅಂಕಲ್ ಮಾತಿನಲ್ಲಿ ಮಹಾ ಜಿಪುಣರು. ರೇಡಿಯೋದ ವಿಷಯ ಬಂದರೆ ಮಾತ್ರ ಬೇರೆ.

"ಮದುವೆ ಮನೆ ಅಂತ ಇಟ್ಕೊಳ್ಳಿ ವೇದಾ" ಎಂದು ಶುರು ಮಾಡಿದರು. "ಐದು ರಿಕ್ಷಾ ಉಂಟು, ಐವತ್ತು ಗುಂಪು ನೆಂಟರು. ಗುಂಪಿಗೊಂದು ರಿಕ್ಷಾ ಕೊಡ್ಲಿಕ್ಕೆ ಆಗೂದಿಲ್ಲ. ಹಾಗಾಗಿ ಬಾಗಿಲಲ್ಲಿ ಒಬ್ಬ ನಿಂತು, ನಿಮಗೆ ಮೂರನೇ ರಿಕ್ಷಾ, ನಿಮಗೆ ಒಂದನೇದು ಅಂತ ಕಳಿಸ್ತಾನೆ. ದೊಡ್ಡ ಕಂಪನಿಗಳ ರೇಡಿಯೋ ಈಗ ಹಾಗೆ. ನನ್ನ ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಆ ಬಾಗಿಲಲ್ಲಿ ನಿಂತವನ ಮಾತು ಕೇಳ್ತದೆ. ಯಾವ ನಂಬರಿನ ಗುಂಪು ಯಾವ ಚಾನೆಲ್‌ಗೆ ಹೋಯ್ತು ಅಂತ ತೋರಿಸ್ತದೆ, ನಾನು ಅಲ್ಲಿ ಹೋಗಿ ಕೇಳ್ತೇನೆ. ಆದ್ರೆ ಆ ಗುಂಪು ಹುಡುಗನ ಕಡೆಯವ್ರಾ, ಹುಡುಗಿ ಕಡೆಯವ್ರಾ, ಅಡುಗೆಯವ್ರಾ, ಅದನ್ನು ಮಾತ್ರ ಯಾರೂ ಹೇಳೂದಿಲ್ಲ. ನಾವೇ ಕೇಳಿ ಕೇಳಿ ಹಿಡೀಬೇಕು."

ಆ ಗುಂಪುಗಳಿಗೆ ಟಾಕ್‌ಗ್ರೂಪ್ ಎಂದು ಹೆಸರಂತೆ. ಅವನ್ನು ಬರೆದಿಡಲು ಅವರಲ್ಲೊಂದು ನೋಟ್‌ಬುಕ್ ಇತ್ತು. ಎಡಗಡೆ ನಂಬರು, ಬಲಗಡೆ ಅದು ಯಾರದೆಂಬ ಊಹೆ, ಪೆನ್ಸಿಲಿನಲ್ಲಿ. ಬೇರೆ ಬೇರೆ ದಿನ ಮೂರು ಸಾರಿ ಖಾತ್ರಿಯಾದ ಮೇಲೆಯೇ ಅದರ ಮೇಲೆ ಪೆನ್ನು. ಒಂದು ನಂಬರಿನವರು ದಿನಾ ಸಂಜೆ ಐದಕ್ಕೆ, ಹಿಂದಿನ ಗೇಟಿಗೆ ಬಂತು, ಬೇಗ ಇಳಿಸಿ, ಯಾರೂ ನೋಡುವುದು ಬೇಡ ಎಂದು ಪಿಸುಗುಡುತ್ತಿದ್ದರಂತೆ. ಅಂಕಲ್ ಕಳ್ಳಸಾಗಣೆ ಎಂದು ಬರೆದುಕೊಂಡರು. ಮೂರು ವಾರದ ಮೇಲೆ ನೋಡಿದರೆ ಅದೊಂದು ಮಾಲಿನ ಸೆಕ್ಯೂರಿಟಿಯವರು, ಬಂದದ್ದು ಮಾಮಾಕ್ ಎಂಬ ಬೀದಿ ಹೋಟೆಲಿನಿಂದ ತಪಾವ್ ಮಾಡಿಸಿದ, ಅಂದರೆ ಪಾರ್ಸೆಲ್ ಕಟ್ಟಿಸಿದ ನೂಡಲ್ಸ್ ಪೊಟ್ಟಣ. "ಅದಕ್ಕೇ ಪೆನ್ಸಿಲ್" ಎಂದು ನಕ್ಕರು.

ಪೊಲೀಸರದು, ಸರಕಾರದ್ದು ಎಲ್ಲ ಲಾಕ್ ಆಗಿರುತ್ತದೆ, ಅದು ಇವರಿಗೆ ಕೇಳಿಸುವುದಿಲ್ಲ. ಕೇಳಿಸುವುದು ಲಾಕ್ ಹಾಕದ ಖಾಸಗಿ ಕಂಪನಿಗಳದು ಮಾತ್ರ. ಅದನ್ನೂ ಹೀಗೆ ಕೇಳುವುದು ಸರಿಯಲ್ಲ ಎಂಬುದು ಅವರಿಗೆ ಗೊತ್ತಿತ್ತು, ಕೇಳಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಇದೆಂಥ ಹುಚ್ಚು ಎಂದು ನನಗೆ ಅನ್ನಿಸಿದ್ದು ನಿಜ. ಆದರೆ ಬೀದಿಗೆ ಬೀದಿಯೇ ಖಾಲಿಯಾಗಿದ್ದ ಆ ದಿನಗಳಲ್ಲಿ, ಊರು ಇನ್ನೂ ನಡೆಯುತ್ತಿದೆ ಎಂದು ಕಿವಿಯಾರೆ ಕೇಳಿಸಿಕೊಳ್ಳುತ್ತಿದ್ದವರು ನಮ್ಮ ಬ್ಲಾಕಿನಲ್ಲಿ ಅವರೊಬ್ಬರೇ.

ಮುಂದಿನ ಜುಲೈನಲ್ಲಿ ಕಾಯಿಲೆ ನಮ್ಮ ಮನೆಗೆ ಬಂತು. ನನ್ನ ಗಂಡ ಸಂಜಯ್‌ಗೂ ಮಾವನಿಗೂ ಪಾಸಿಟಿವ್. ಮಾವ ಪುಟ್ಟಣ್ಣನವರು ಪಿರಿಯಾಪಟ್ಟಣದ ನಿವೃತ್ತ ಮೇಷ್ಟ್ರು, ವಯಸ್ಸು ಎಪ್ಪತ್ತನಾಲ್ಕು. ಮೂರು ತಿಂಗಳು ಇದ್ದು ಹೋಗುತ್ತೇನೆಂದು ಬಂದವರು, ವಿಮಾನ ನಿಂತು ಹೋಗಿ ಒಂದೂವರೆ ವರ್ಷದಿಂದ ನಮ್ಮಲ್ಲೇ ಇದ್ದರು. ಗೊತ್ತಿದ್ದದ್ದು ಕನ್ನಡ ಒಂದೇ. ತಮಿಳೂ ಬರುತ್ತದೆ ಎಂದು ಅವರು ಹೇಳಿಕೊಳ್ಳುತ್ತಿದ್ದರು, ತಮಿಳರಿಗೆ ಮಾತ್ರ ಅದು ತಮಿಳೆಂದು ತಿಳಿಯುತ್ತಿರಲಿಲ್ಲ.

ಸಂಜಯ್ ಮನೆಯಲ್ಲೇ ಒಂದು ಕೋಣೆಯಲ್ಲಿರಬಹುದು, ವಯಸ್ಸಾದವರು ಕೋವಿಡ್ ಸೆಂಟರಿಗೆ ಬರಬೇಕು ಎಂದರು ಆರೋಗ್ಯ ಇಲಾಖೆಯವರು. ಸೋಮವಾರ ಬೆಳಿಗ್ಗೆ ವ್ಯಾನ್ ಬಂತು. ಪಂಚೆ, ಟವೆಲ್, ಚಟ್ನಿಪುಡಿ, ವಿಭೂತಿ ಎಲ್ಲ ನೆನಪಿಟ್ಟು ಬ್ಯಾಗಿಗೆ ತುಂಬಿದೆ. ಫೋನಿನ ಚಾರ್ಜರ್ ಗೋಡೆಯಲ್ಲೇ ನೇತಾಡುತ್ತ ಉಳಿಯಿತು. ಎರಡು ದಿನ ಮಾವ ಫೋನ್ ಮಾಡಿದರು. ದೊಡ್ಡ ವಸ್ತುಪ್ರದರ್ಶನದ ಮಂಟಪವಂತೆ, ಸಾವಿರ ಮಂಚವಂತೆ, ಇವರದು ಸಿ ಹಾಲ್‌ನಲ್ಲಿ ಎಂಬತ್ತಾರನೆಯದಂತೆ. ಬುಧವಾರದಿಂದ ಫೋನ್ ಸತ್ತಿತು. ಸೆಂಟರಿನ ನಂಬರ್ ಸದಾ ಎಂಗೇಜ್. ನನ್ನ ಕೈಗೆ ಕ್ವಾರಂಟೈನಿನ ಗುಲಾಬಿ ಪಟ್ಟಿ ಕಟ್ಟಿದ್ದರು, ಹೊಸ್ತಿಲು ದಾಟುವ ಹಾಗಿರಲಿಲ್ಲ. ಬಾಲ್ಕನಿಯಲ್ಲಿ ನಿಂತು, ಆ ಹಾಲ್‌ನಲ್ಲಿ ಮಾವ ಏನಾದರೋ ಎಂದು ಜೋರಾಗಿ ಅತ್ತೆ. ನಾಚಿಕೆಪಡುವ ಶಕ್ತಿಯೂ ಉಳಿದಿರಲಿಲ್ಲ.

ಮೇಲಿನಿಂದ ದನಿ ಬಂತು. "ವೇದಾ, ಯಾವ ಹಾಲ್ ಅಂದ್ರಿ?"

ಆ ಸೆಂಟರಿನಲ್ಲಿ ಊಟ ಹಂಚುವುದು, ಹಾಸಿಗೆ ಬದಲಿಸುವುದು, ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಅತ್ತಿತ್ತ ಸಾಗಿಸುವುದು ಒಂದು ಖಾಸಗಿ ಕಂಪನಿಯ ಗುತ್ತಿಗೆ. ಆ ಕಂಪನಿಯ ರೇಡಿಯೋ ಲಾಕ್ ಆಗಿರಲಿಲ್ಲ. ಅಂಕಲ್ ಅದನ್ನು ಹತ್ತು ದಿನದಿಂದ ಕೇಳುತ್ತಿದ್ದರು. ಊಟದವರ ನಂಬರ್ ಆಗಲೇ ಪೆನ್ನಿನಲ್ಲಿತ್ತು, ಉಳಿದವು ಇನ್ನೂ ಪೆನ್ಸಿಲ್. ಗುರುವಾರ ಮಧ್ಯಾಹ್ನ ಬಾಲ್ಕನಿಯಿಂದ ಬಗ್ಗಿ ಹೇಳಿದರು. "ಅವ್ರು ಅಲ್ಲೇ ಇದ್ದಾರೆ. ಆದ್ರೆ ಸಿ ಎಂಬತ್ತಾರು ತಾಕ್ ಮಾಕಾನ್ ಅಂತಿದ್ದಾರೆ. ಊಟ ಮಾಡಿಲ್ಲ. ನಿನ್ನೆಯಿಂದ ಡಬ್ಬ ಹಾಗೇ ವಾಪಸ್ ಬರ್ತಾ ಉಂಟು."

ಏಕೆಂದು ನನಗೆ ತಟ್ಟನೆ ಹೊಳೆಯಿತು. ಡಬ್ಬದಲ್ಲಿ ಕೋಳಿಯೋ ಮೊಟ್ಟೆಯೋ ಇದ್ದೇ ಇರುತ್ತದೆ. ಮಾವ ಅದು ತಾಗಿದ ಅನ್ನವನ್ನೂ ಮುಟ್ಟುವವರಲ್ಲ. ಇದನ್ನು ಯಾರಿಗೆ ಯಾವ ಭಾಷೆಯಲ್ಲಿ ಹೇಳಿಯಾರು? ಅಲ್ಲಿಯವರು ಪಾಪ, ಮುದುಕನಿಗೆ ಊಟ ಸೇರುತ್ತಿಲ್ಲ ಎಂದುಕೊಂಡಿದ್ದರು.

"ಅಂಕಲ್, ಅವರಿಗೆ ಹೇಗಾದ್ರೂ ಹೇಳಿ. ಬರೀ ಅನ್ನ, ಬಾಳೆಹಣ್ಣು ಕೊಟ್ರೆ ತಿಂತಾರೆ."

ಅಂಕಲ್ ಆಗದೆಂದು ಕೈಯಾಡಿಸಿದರು. "ನನ್ನದು ಬರೀ ಕೇಳೂದು ವೇದಾ. ಹೇಳ್ಲಿಕ್ಕೆ ಹೋದ್ರೆ, ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ನಮ್ಮ ಪಾಸ್ ಅಕ್ಟೋಬರಿಗೆ ರಿನ್ಯೂ ಆಗ್ಬೇಕು. ನೀವು ಆ ಹೆಲ್ಪ್‌ಲೈನ್‌ಗೇ ಟ್ರೈ ಮಾಡ್ತಾ ಇರಿ."

ನಾನು ಟ್ರೈ ಮಾಡುತ್ತಲೇ ಇದ್ದೆ. ಶುಕ್ರವಾರ ಹನ್ನೊಂದು ಗಂಟೆಗೆ ಅವರು ಮತ್ತೆ ಬಗ್ಗಿದರು. 2118 ಎಂಬ ಗುಂಪಿನಲ್ಲಿ, ಸಿ ಎಂಬತ್ತಾರು ಕೊಸೊಂಗ್, ಅಂದರೆ ಖಾಲಿ ಎಂದು ಕೇಳಿಸಿತಂತೆ. ಆ ನಂಬರಿನ ಮುಂದೆ ಅವರು 'ಮನೆಗೆ ಕಳಿಸುವವರು' ಎಂದು ಬರೆದುಕೊಂಡಿದ್ದರು. ಹಿಂದೆ ಎರಡು ಸಾರಿ ಅಲ್ಲಿ ಮಂಚದ ನಂಬರ್‌ಗಳು ಬಂದಾಗ, ಗುಣವಾದವರ ಬಸ್ಸು ಹೊರಡುವ ಹೊತ್ತಾಗಿತ್ತು.

"ಖಂಡಿತಾನಾ ಅಂಕಲ್? ಮನೆಗೇ ಬರ್ತಾರಾ?" ಎಂದು ಕತ್ತು ಮೇಲೆತ್ತಿ ಕೇಳಿದೆ. ಒಂದಲ್ಲ, ನಾಲ್ಕು ಸಾರಿ ಕೇಳಿದೆ. ಮೇಲಿನಿಂದ ನನ್ನ ಮುಖ ಹೇಗೆ ಕಂಡಿತೋ ಏನೋ, ಅವರು ಒಳಗೆ ಹೋಗಿ ನೋಟ್‌ಬುಕ್ ತಂದು, ನನ್ನೆದುರಿಗೇ ಪೆನ್ನಿನಲ್ಲಿ ತಿದ್ದಿದರು. "ಹೌದು, ಬರ್ತಾರೆ" ಎಂದರು.

ಮಾವನ ಕೋಣೆ ಒರೆಸಿದೆ, ಚಾದರ ಬದಲಿಸಿದೆ. ಮೆಣಸಿನ ಸಾರು, ಮೆತ್ತಗೆ ಅನ್ನ, ಹೆಸರುಬೇಳೆ ಪಾಯಸ. ಕೋಣೆಯೊಳಗಿಂದ ಸಂಜಯ್ ಗಳಿಗೆಗೊಂದು ಸಾರಿ "ಬಂದ್ರಾ?" ಎನ್ನುತ್ತಿದ್ದರು. ನಾಲ್ಕಾಯಿತು, ಆರಾಯಿತು. ವ್ಯಾನ್ ಬರಲಿಲ್ಲ. ಆರೂವರೆಗೆ ಮೇಲಿನ ಬಾಲ್ಕನಿಯಲ್ಲಿ ಅಂಕಲ್ ಬಂದು ನಿಂತರು.

"ತಪ್ಪಾಯ್ತು ವೇದಾ. 2118 ಮನೆಗೆ ಕಳಿಸುವವರದ್ದಲ್ಲ. ಹಾಸಿಗೆಯ ಬಟ್ಟೆ ಬದಲಿಸುವವರದ್ದು. ಈಗಷ್ಟೇ ಎಷ್ಟು ಚಾದರ ಬೇಕು ಅಂತ ಲೆಕ್ಕ ಕೇಳ್ತಿದ್ರು. ಮನೆಗೆ ಹೋದ್ರೂ ಮಂಚ ಖಾಲಿ, ಬೇರೆ ಕಡೆ ಹೋದ್ರೂ ಖಾಲಿ. ಎಲ್ಲಿಗೆ ಹೋದ್ರು ಅಂತ ಅವರಿಗೇ ಗೊತ್ತಿರೂದಿಲ್ಲ."

ಬೇರೆ ಕಡೆ ಎಂದರೆ ಏನೇನೆಲ್ಲ ಆಗಬಹುದೆಂದು ಆ ತಿಂಗಳು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಊರವರ ಮಾತು ಕದ್ದು ಕೇಳುವ ನಿಮ್ಮನ್ನು ನಂಬಿದ್ದು ನನ್ನ ಬುದ್ಧಿಗೇಡಿತನ ಎಂದೆ. ಹಳೆಯ ದೂರಿನ ಮಾತನ್ನೂ ಎತ್ತಿದೆ. ಅವರು ಒಳಗೆ ಹೋಗಲಿಲ್ಲ. ನಾನು ಮುಗಿಸುವವರೆಗೆ ನಿಂತು ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಐವಿ ಆಂಟಿ ಎಂದಿನಂತೆ ಹಗ್ಗ ಕಟ್ಟಿದ ಚೀಲದಲ್ಲಿ ನಮಗೆ ತಿಂಡಿ ಇಳಿಸಿದರು. ಅದನ್ನು ಬಿಚ್ಚುವಾಗ ನನಗೆ ನನ್ನ ಮೇಲೇ ಬೇಸರವಾಯಿತು.

ಆ ಶನಿವಾರ ಅಂಕಲ್ ಲ್ಯಾಪ್‌ಟಾಪಿನ ಮುಂದಿನಿಂದ ಏಳಲಿಲ್ಲವಂತೆ, ಊಟವನ್ನೂ ಅಲ್ಲೇ ಮಾಡಿದರಂತೆ. ಇದು ಆಂಟಿ ಆಮೇಲೆ ಹೇಳಿದ್ದು. ಸಂಜೆಯ ಹೊತ್ತಿಗೆ 2131 ಎಂಬ ನಂಬರ್ ಸಿಕ್ಕಿತು. ಅಲ್ಲಿ ಮಾತಾಡುವವರು ಎಲ್ಲಿಂದ ಎಲ್ಲಿಗೆ ಎಂದು ಎರಡೂ ಹೇಳುತ್ತಿದ್ದರು. ಹಾಗಾದರೆ ಅದು ಗಾಲಿಕುರ್ಚಿಯವರದು. ಸಿ ಎಂಬತ್ತಾರರ ಸುದ್ದಿ ಮಾತ್ರ ಅಲ್ಲಿ ಬರಲಿಲ್ಲ.

ಭಾನುವಾರ ಹನ್ನೊಂದೂವರೆಗೆ ನನ್ನ ಫೋನ್ ಬಡಿದುಕೊಂಡಿತು. "ಮಾತಾಡ್ಬೇಡಿ, ಬರೀ ಕೇಳಿ" ಎಂದು ಅಂಕಲ್ ಫೋನನ್ನು ಸ್ಪೀಕರಿಗೆ ಹಿಡಿದರು. 2131ರಲ್ಲಿ ಮೊದಲು ಒಬ್ಬ ಹೆಂಗಸಿನ ದನಿ, ಮಲಯ್‌ನಲ್ಲಿ: ಈ ಪಾಕ್‌ಚಿಕ್ ಯಾವ ಭಾಷೆ ಮಾತಾಡುತ್ತಾರೆ ಯಾರಿಗಾದರೂ ಗೊತ್ತೇ, ತಮಿಳಲ್ಲ, ಆಕ್ಸಿಜನ್ ಇಳಿದಿದೆ, ಆಂಬುಲೆನ್ಸ್ ಕಾಯುತ್ತಿದೆ, ಮಂಚದ ಸರಳು ಹಿಡಿದುಕೊಂಡು ಬಿಡುತ್ತಿಲ್ಲ. ಪಾಕ್‌ಚಿಕ್ ಎಂದರೆ ಇಲ್ಲಿ ವಯಸ್ಸಾದವರನ್ನು ಕರೆಯುವ ರೀತಿ. ಆಮೇಲೆ ಆಕೆ ರೇಡಿಯೋವನ್ನು ಅವರ ಬಾಯಿಯ ಹತ್ತಿರ ಹಿಡಿದಿರಬೇಕು.

"ನನ್ನ ಮಗನಿಗೆ ಹೇಳದೆ ನಾನು ಎಲ್ಲಿಗೂ ಬರಲ್ಲ ಕಣಮ್ಮ" ಎಂದರು ಮಾವ. ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಆಗ್ಲೇ ಒಂದ್ಸಲ ಜಾಗ ಬದಲಾಯ್ಸಿದೀರ. ಹಿಂಗೇ ಒಂದೊಂದ್ ಕಡೆಗೆ ಸಾಗಿಸ್ತಾ ಇದ್ರೆ ಅವ್ನು ನನ್ನ ಎಲ್ಲಿ ಅಂತ ಹುಡುಕ್ತಾನೆ?"

"ಮಾವ" ಎಂದು ಕೂಗಿದೆ. ಕೇಳುವುದೆಲ್ಲಿಂದ? ಅಂಕಲ್‌ನ ಯಂತ್ರಕ್ಕೆ ಕಿವಿ ಮಾತ್ರ ಇತ್ತು, ಬಾಯಿ ಇರಲಿಲ್ಲ.

"ಫೋನ್ ಇಡಿ ವೇದಾ. ಲೈನ್ ಖಾಲಿ ಇಟ್ಕೊಳ್ಳಿ" ಎಂದರು.

ಅವರು ಫೋನ್ ಮಾಡಿದ್ದು ದೇವದಾಸ ಎಂಬವರಿಗೆ. ಹಿಂದೆ ಬಂದರಿನಲ್ಲಿ ಜೊತೆಗೆ ಕೆಲಸ ಮಾಡಿದವರು, ಈಗ ಆ ಸೆಂಟರಿಗೆ ರೇಡಿಯೋ ಕೊಟ್ಟಿದ್ದ ಅಂಗಡಿಯಲ್ಲಿದ್ದರು. ನಿಮ್ಮ ಗಿರಾಕಿಯ ಮಾತನ್ನು ನಾನು ಎರಡು ವಾರದಿಂದ ಕೇಳುತ್ತಿದ್ದೇನೆ ಎಂದು ಅಂಕಲ್ ಮೊದಲ ವಾಕ್ಯದಲ್ಲೇ ಹೇಳಿದರಂತೆ. ಹೇಳುವಾಗ ಆಂಟಿ ಪಕ್ಕದಲ್ಲೇ ನಿಂತಿದ್ದರು.

"ಲಿಗೋರಿ, ಇದನ್ನು ನಾನು ಮೇಲಿನವರಿಗೆ ಹೇಳ್ಬೇಕಾಗ್ತದೆ ಮಾರಾಯ" ಎಂದರಂತೆ ದೇವದಾಸ.

"ಹೇಳು. ಮೊದಲು ಅಲ್ಲಿನ ಸೂಪರ್‌ವೈಸರ್ ನಂಬರ್ ಕೊಡು."

ನಾಲ್ಕು ನಿಮಿಷದಲ್ಲಿ ನನಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ತಮಿಳು ಹೆಂಗಸು, ಆ ಸೂಪರ್‌ವೈಸರ್; ನನ್ನ ನಂಬರನ್ನು ಅಂಕಲ್ ಕೊಟ್ಟಿದ್ದರು. "ನೀಂಗ ಪೇಸುಂಗಮ್ಮಾ, ಸೀಕ್ರಂ" ಎಂದು ತನ್ನ ರೇಡಿಯೋದ ಗುಂಡಿ ಒತ್ತಿ ಫೋನಿಗೆ ತಾಗಿಸಿ ಹಿಡಿದಳು. ಬೇಗ ಮಾತಾಡಿ ಎಂದರೆ ಏನು ಮಾತಾಡುವುದು?

"ಮಾವ, ನಾನು ವೇದಾ."

ನನ್ನದೇ ದನಿ ಅರೆಕ್ಷಣ ತಡವಾಗಿ ಮೇಲಿನ ಬಾಲ್ಕನಿಯಿಂದ ಕೇಳಿಸಿತು. ಲಿಗೋರಿ ಅಂಕಲ್‌ನ ಸ್ಪೀಕರಿನಲ್ಲಿ.

"ವೇದಾ? ಎಲ್ಲಿದೀಯಮ್ಮ?"

"ಮನೇಲಿದೀನಿ ಮಾವ. ಅವ್ರ ಜೊತೆ ಹೋಗಿ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದಾರೆ, ಉಸಿರಿಗೆ ಅನುಕೂಲ ಮಾಡ್ತಾರೆ. ನೀವೆಲ್ಲಿ ಇರ್ತೀರ ಅಂತ ನಮಗೆ ಗೊತ್ತಿರುತ್ತೆ."

"ಸಂಜುಗೆ?"

"ಅವ್ರಿಗೂ ಗೊತ್ತು. ಇಲ್ಲೇ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿದಾರೆ."

ಆಮೇಲೆ, "ಹಂಗಾದ್ರೆ ಸರಿ" ಎಂದರು. ಮತ್ತೆ, ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗನಂತೆ, "ಅನ್ನದ ಮೇಲೆ ಮೊಟ್ಟೆ ಇಡ್ತಾರೆ ಕಣಮ್ಮ. ಬೇಡ ಅನ್ನೋದ್ ಹೆಂಗೆ ಅಂತ ನಂಗೆ ಗೊತ್ತಾಗ್ಲಿಲ್ಲ."

ಅವರ ಕೈ ಸರಳು ಬಿಟ್ಟಿತು ಎಂದು ಸೂಪರ್‌ವೈಸರ್ ಹೇಳಿದಳು. ಕ್ಲಾಂಗ್ ಕಡೆಯ ಆಸ್ಪತ್ರೆಯ ಹೆಸರು, ವಾರ್ಡ್ ನಂಬರು ಕೊಟ್ಟಳು. ಊಟದ ವಿಷಯ ಚೀಟಿಯಲ್ಲಿ ಬರೆದು ಅವರ ಅಂಗಿಗೆ ಪಿನ್ ಮಾಡಿ ಕಳಿಸುತ್ತೇನೆ ಎಂದಳು. ಹಾಗೇ ಮಾಡಿದ್ದಳು ಕೂಡ.

ಹದಿನಾರು ದಿನದ ಮೇಲೆ ಮಾವ ಮನೆಗೆ ಬಂದರು, ಅರ್ಧಕ್ಕರ್ಧ ಇಳಿದು ಹೋಗಿ. ಗೋಡೆ ಹಿಡಿಯದೆ ನಡೆಯಲು ಇನ್ನೂ ಒಂದು ತಿಂಗಳು ಬೇಕಾಯಿತು.

ದೇವದಾಸ ಮೇಲಿನವರಿಗೆ ಹೇಳಿದರು, ಹೇಳಲೇಬೇಕಿತ್ತು. ಅದೇ ವಾರ ಆ ಕಂಪನಿಯ ರೇಡಿಯೋಗಳೆಲ್ಲ ಲಾಕ್ ಆದವು. ತಿಂಗಳೊಳಗೆ ಅದೇ ಅಂಗಡಿಯ ಉಳಿದ ಗಿರಾಕಿಗಳದೂ ಆದವು, ನೂಡಲ್ಸ್ ತರಿಸುತ್ತಿದ್ದ ಮಾಲಿನವರದೂ. ಅಂಕಲ್ ತಪ್ಪೊಪ್ಪಿಗೆಯ ಕಾಗದ ಬರೆದುಕೊಟ್ಟರು. ಪಾಸಿಗೆ ತೊಂದರೆಯಾಗುತ್ತದೆಂದು ಗಂಡ ಹೆಂಡತಿ ಎರಡು ತಿಂಗಳು ಹೆದರಿಕೊಂಡೇ ಇದ್ದರು. ಅಕ್ಟೋಬರಿನಲ್ಲಿ ಅದು ರಿನ್ಯೂ ಆಗಿ ಬಂದ ಮೇಲೆ ಮಾವನನ್ನು ಕರೆದುಕೊಂಡು ನಾನು ಮೇಲೆ ಹೋದೆ.

ಆಂಟೆನಾ ಕೋಲಿನಲ್ಲಿ ಹಾಗೇ ಇತ್ತು, ಲ್ಯಾಪ್‌ಟಾಪ್ ತೆರೆದಿತ್ತು. ಮನೆ ಮಾತ್ರ ಗಪ್‌ಚಿಪ್. ಲಾಕ್ ಬಿದ್ದದ್ದು ಮಾತಿಗೆ ಮಾತ್ರ; ನಂಬರ್‌ಗಳು ಪರದೆಯ ಮೇಲೆ ಹೊತ್ತಿ ಆರುತ್ತಿದ್ದವು, ದನಿ ಇಲ್ಲ. ಯಾವ ಸದ್ದಿಗೆ ನಾನು ಎರಡು ಸಾರಿ ದೂರು ಕೊಟ್ಟಿದ್ದೆನೋ ಆ ಸದ್ದು ಇಲ್ಲದೆ ಆ ಮನೆಯಲ್ಲಿ ಕೂರುವುದು ನನಗೇ ಕಷ್ಟವಾಯಿತು.

"ದೇವದಾಸ ಅವರಿಗೆ ಫೋನ್ ಮಾಡೋವಾಗ ಹೀಗಾಗುತ್ತೆ ಅಂತ ಗೊತ್ತಿತ್ತಾ ಅಂಕಲ್?"

"ಗೊತ್ತಿತ್ತು."

ಕೇಳಬಾರದಿತ್ತು, ಆದರೂ ಕೇಳಿದೆ. ಮೂರು ತಿಂಗಳಿನಿಂದ ಎದೆಯಲ್ಲಿ ಕುಟುಕುತ್ತಿದ್ದ ಮಾತದು. "ಗುರುವಾರವೇ ಮಾಡಬಹುದಿತ್ತಲ್ಲ? ಇವರು ಮೂರು ದಿನ ಉಪವಾಸ ಇದ್ರು."

ಐವಿ ಆಂಟಿ ತಲೆ ತಗ್ಗಿಸಿದರು. ಅಂಕಲ್ ನನ್ನನ್ನೇ ನೋಡಿದರು. "ಹೆದರಿಕೆ ಆಯ್ತು ವೇದಾ" ಎಂದರು. "ಅವ್ರ ದನಿ ಕೇಳುವವರೆಗೆ ನನಗೆ ಅದು ಸಿ ಎಂಬತ್ತಾರು ಅಷ್ಟೇ."

ಮಾವ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತರು. ಪರದೆಯಲ್ಲಿ 2131 ಹೊತ್ತಿತು.

"ಇದೇನ್ ಸ್ವಾಮಿ?" ಎಂದರು ಮಾವ.

"ನಿಮ್ಮನ್ನು ಕರ್ಕೊಂಡು ಹೋದವ್ರು. ಈಗ ಬೇರೆ ಯಾರನ್ನೋ ಕುರ್ಚಿಯಲ್ಲಿ ಕೂರಿಸಿ ತಕ್ಕೊಂಡು ಹೋಗ್ತಿದ್ದಾರೆ. ಆಸ್ಪತ್ರೆಗಾ ಮನೆಗಾ ಅಂತ ನನಗೆ ಇನ್ನು ಗೊತ್ತಾಗೂದಿಲ್ಲ."

"ಮನೆಗೆ ಅಂತಲೇ ಅಂದ್ಕೊಳ್ಳಿ" ಎಂದರು ಮಾವ.

ಲಿಗೋರಿ ಅಂಕಲ್ ನೋಟ್‌ಬುಕ್ ತೆರೆದು ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಆ ನಂಬರ್ ಆರುವವರೆಗೆ ನಾವು ನಾಲ್ವರೂ ಅದನ್ನೇ ನೋಡುತ್ತ ಕೂತಿದ್ದೆವು.